ಅಣ್ಣನ ಮಗಳ ಸಹಿ

ಅಣ್ಣನ ಮಗಳು ಹನ್ನೆರಡನೇ ತರಗತಿ ಮುಗಿಸುವ ವರ್ಷ ಅವಳ ಶಾಲೆಯ ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದಳು. ರಿಚರ್ಡ್ಸ್ ಟೌನಿನ ಕಡೆಯ ದೊಡ್ಡ ಇಂಗ್ಲಿಷ್ ಶಾಲೆ. ಹಲಸೂರಿನಲ್ಲಿ ನನ್ನದು ಬ್ಲೌಸು ಹೊಲಿಯುವ ಅಂಗಡಿ. ಮದುವೆಯ ಸೀಸನ್ನಿನಲ್ಲಿ ಅರ್ಧ ದಿನ ಷಟರ್ ಎಳೆದರೆ ಗಿರಾಕಿಗಳ ಬಾಯಿಗೆ ಬೀಳಬೇಕು. ಆದರೂ ಹೋದೆ. ನನಗೆ ಮಕ್ಕಳಿಲ್ಲ, ಇರುವವಳು ಇವಳೊಬ್ಬಳು. ಫೋನಿನಲ್ಲಿ ಅವಳು, ಅತ್ತೆ ನೀವು ಬರ್ಲೇಬೇಕು, ಮುಂದಿನ ಸಾಲಲ್ಲೇ ಕೂತ್ಕೋಬೇಕು ಎಂದು ಹಟ ಹಿಡಿದಾಗ ನಾನು ಹಿಗ್ಗಿದ್ದೆ. ಯಾಕೆ ಮುಂದಿನ ಸಾಲು ಎಂದು ಒಂದು ಮಾತು ಕೇಳಲಿಲ್ಲ ನೋಡಿ, ನನ್ನ ಬುದ್ಧಿಗಿಷ್ಟು.

ನನ್ನ ತವರು ಕೆ.ಆರ್. ಪುರಂನ ಆಚೆ. ಅಪ್ಪನ ಕಾಲಕ್ಕೆ ರಾಗಿ, ಅವರೆ, ಸೊಪ್ಪು ಬೆಳೆಯುತ್ತಿದ್ದ ಮನೆ. ಈಗ ಅಲ್ಲಿ ಬಾಡಿಗೆ ಕಟ್ಟಡಗಳು ಬಿಟ್ಟು ಬೇರೇನೂ ಬೆಳೆಯುವುದಿಲ್ಲ. ಬಾವಿಯ ಪಕ್ಕದ ಒಂದು ತುಂಡು ಜಮೀನು ಮಾತ್ರ ಉಳಿದಿತ್ತು. ಅಣ್ಣ ಅದನ್ನು ನೀರಿನ ಟ್ಯಾಂಕರುಗಳು ನಿಲ್ಲುವುದಕ್ಕೆ ಬಿಟ್ಟಿದ್ದ. ಆ ವರ್ಷ ಒಬ್ಬ ಬಿಲ್ಡರ್ ಅಲ್ಲಿ ಫ್ಲ್ಯಾಟು ಕಟ್ಟಲು ಮುಂದೆ ಬಂದ. ಎಲ್ಲ ಮಾತೂ ಮುಗಿದಿತ್ತು, ಮನೆಯ ಹೆಣ್ಣುಮಗಳ ಸಹಿಯೊಂದು ಬಾಕಿ.

ನಮ್ಮ ಕಡೆ ಇದು ರೂಢಿ. ಹುಡುಗಿಗೆ ಹದಿನೆಂಟು ತುಂಬಿದ್ದೇ ತಡ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ನನಗೆ ಹಕ್ಕು ಬೇಡ ಎಂದು ಬರೆಸಿಕೊಳ್ಳುತ್ತಾರೆ. ಅರಿಶಿನ ಕುಂಕುಮಕ್ಕೆ ಅಂತ ಒಂದು ರೇಷ್ಮೆ ಸೀರೆಯೋ ಒಂದು ಜೊತೆ ಬಳೆಯೋ ಕೊಡುತ್ತಾರೆ. ಬರುವಾಗ ಒಳ್ಳೆಯ ಹೋಟೆಲಿನಲ್ಲಿ ಊಟ. ಯಾರೂ ಗಲಾಟೆ ಮಾಡುವುದಿಲ್ಲ, ಹೆಣ್ಣುಮಕ್ಕಳೂ ಬಾಯಿ ಬಿಡುವುದಿಲ್ಲ. ನಾನೂ ಹಾಗೆಯೇ ಸಹಿ ಹಾಕಿ, ಊಟ ಮಾಡಿ ಬಂದವಳು. ಅಣ್ಣನ ಮಗಳಿಗೆ ಆ ಶನಿವಾರ ಹದಿನೆಂಟು ತುಂಬುವುದಿತ್ತು. ಸೋಮವಾರಕ್ಕೆ ಆಫೀಸಿನಲ್ಲಿ ಎಲ್ಲ ಗೊತ್ತುಮಾಡಿ ಆಗಿತ್ತು. ಸೈನ್ ಆಗಲಿ, ಆಮೇಲೆ ಅವಳು ಕೇಳಿದ ಕಾಲೇಜಿಗೆ ಸೇರಿಸುತ್ತೇನೆ ಎಂದು ಅಣ್ಣ ಎಲ್ಲರ ಮುಂದೆ ಹೇಳಿದ್ದ.

ಬೀಳ್ಕೊಡುಗೆಯ ದಿನ ಆ ಶಾಲೆಯಲ್ಲೊಂದು ಪದ್ಧತಿ. ಬಿಟ್ಟು ಹೋಗುವ ಪ್ರತಿ ಮಗುವೂ ವೇದಿಕೆ ಹತ್ತಿ, ಪ್ರಪಂಚದ ಯಾವ ಸಮಸ್ಯೆ ತನ್ನನ್ನು ಕಾಡುತ್ತದೆ, ಮುಂದೆ ತಾನು ಏನಾಗುತ್ತೇನೆ ಎಂದು ಹೇಳಬೇಕು. ನಾನಂತೂ ಡಾಕ್ಟರು, ಎಂಜಿನಿಯರು ಎಂದು ಕೇಳಿಸಿಕೊಂಡು, ಚಪ್ಪಾಳೆ ತಟ್ಟಿ ಬರೋಣ ಎಂದುಕೊಂಡಿದ್ದೆ. ಅಬ್ಬಬ್ಬಾ, ಆ ಮಕ್ಕಳ ಬಾಯಿ! ಒಬ್ಬ ಹುಡುಗ, ಕಂಪ್ಯೂಟರು ಎಲ್ಲರ ಕೆಲಸ ತಿಂದುಹಾಕುತ್ತದೆ, ರುಚಿ ನೋಡಲು ಅದಕ್ಕೆ ನಾಲಿಗೆ ಇಲ್ಲ, ಅದಕ್ಕೇ ನಾನು ಅಡುಗೆಯವನಾಗುತ್ತೇನೆ ಎಂದ. ಇನ್ನೊಬ್ಬ ಯುದ್ಧಗಳ ಬಗ್ಗೆ ಮಾತಾಡುತ್ತಾ ಅಳುವುದಕ್ಕೇ ಶುರುಮಾಡಿದ. ಒಬ್ಬಳು, ಭೂಮಿ ಈ ಪಾಟಿ ಕಾಯುತ್ತಿರುವಾಗ ಮಕ್ಕಳನ್ನು ಹೆರುವುದು ಪಾಪ, ನಾನು ಹೆರುವುದಿಲ್ಲ ಎಂದು ತಣ್ಣಗೆ ಹೇಳಿ ಇಳಿದುಬಂದಳು. ಮಗುವಿಗಾಗಿ ಹತ್ತಿದ ಗುಡಿ, ತುಳಿದ ಆಸ್ಪತ್ರೆ ಒಂದೆರಡಲ್ಲ ನನ್ನವು. ಪಕ್ಕದಲ್ಲಿ ಆ ಹುಡುಗಿಯ ತಾಯಿಯೇ ಕೂತಿದ್ದಳು. ಆಕೆ ನಗುತ್ತಾ ಚಪ್ಪಾಳೆ ತಟ್ಟುವುದನ್ನು ನೋಡಿ ನನಗೆ ಕಪಾಳಕ್ಕೆ ಎರಡು ಬಿಡೋಣ ಅನ್ನಿಸಿತು. ತಾಯಿಗೋ ಮಗಳಿಗೋ ಗೊತ್ತಾಗಲಿಲ್ಲ.

ನಮ್ಮವಳ ಸರದಿ ಬಂತು. ಅಣ್ಣ ಫೋನು ಎತ್ತಿ ಹಿಡಿದ. ಬರೀ ವಿಡಿಯೋ ಅಲ್ಲ, ಚಿಕ್ಕಪ್ಪಂದಿರು, ಬೀಗರು, ಊರಿನ ನಾಲ್ಕಾರು ಮನೆಯವರು, ಎಲ್ಲರನ್ನೂ ಒಟ್ಟಿಗೆ ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡಿದ್ದ. ಮಗಳು ಇಂಗ್ಲಿಷಿನಲ್ಲಿ ಪಟಪಟ ಅನ್ನುವುದನ್ನು ಎಲ್ಲರೂ ನೋಡಲಿ ಅಂತ. ಅವಳು ಮೈಕಿನ ಮುಂದೆ ನಿಂತು, ನಮ್ಮ ಮನೆಯವರು ಬಂದಿದ್ದಾರೆ, ಅವರಿಗೆ ಅರ್ಥವಾಗಬೇಕು, ಅದಕ್ಕೆ ನಾನು ಕನ್ನಡದಲ್ಲಿ ಮಾತಾಡುತ್ತೇನೆ ಎಂದಳು. ಅತ್ತಿಗೆ ನನ್ನ ಕೈ ಅದುಮಿದಳು. ನನಗೂ ಕಣ್ಣು ತುಂಬಿತ್ತು.

"ಎಲ್ರೂ ದೊಡ್ಡ ದೊಡ್ಡ ಸಮಸ್ಯೆ ಹೇಳಿದ್ರು. ನಂಗೆ ಭಯ ಆಗೋದು ಊಟದ್ದು. ಅನ್ನ ಬೆಳೆಯೋ ನೆಲ ಎಲ್ಲಾ ಕಡೆ ಮುಗೀತಾ ಇದೆ. ನಮ್ಮನೇಲಿ ಇನ್ನೂ ಒಂದು ತುಂಡು ಇದೆ. ನಾನು ಅಗ್ರಿಕಲ್ಚರ್ ಓದಿ ಅಲ್ಲಿ ಸೊಪ್ಪು ಬೆಳೀಬೇಕು ಅಂತಿದ್ದೀನಿ. ಆದ್ರೆ ಸೋಮವಾರ ನನ್ನ ಕರ್ಕೊಂಡು ಹೋಗಿ, ಅದು ನಂದಲ್ಲ ಅಂತ ಸೈನ್ ಹಾಕಿಸ್ಕೋತಾರೆ."

ಸೊಪ್ಪು! ಆ ಒಂದು ಮಾತು ನಮ್ಮ ಮನೆಯವರಿಗೆ ಎಷ್ಟು ನಾಟಿತೆಂದು ಬೇರೆಯವರಿಗೆ ತಿಳಿಯುವುದಿಲ್ಲ. ನಮ್ಮಮ್ಮ ಸೊಪ್ಪಿನ ಕುಕ್ಕೆ ಹೊತ್ತು ನಸುಕಿನ ಬಸ್ಸು ಹಿಡಿದು ಶಿವಾಜಿನಗರದ ಮಾರ್ಕೆಟ್ಟಿಗೆ ಬರುತ್ತಿದ್ದವಳು. ಕಂಡಕ್ಟರು ಕುಕ್ಕೆ ಒದ್ದರೂ ಸುಮ್ಮನಿರುತ್ತಿದ್ದಳು. ಅಣ್ಣ ಆ ವಿಷಯವನ್ನು ಯಾರ ಹತ್ತಿರವೂ ಎತ್ತುವುದಿಲ್ಲ. ಆ ಕುಕ್ಕೆಯಿಂದ ತಪ್ಪಿಸಿಕೊಳ್ಳುವುದಕ್ಕೇ ಅವನು ಇಷ್ಟು ವರ್ಷ ಒದ್ದಾಡಿದ್ದು. ಈಗ ಮಗಳು ಮೈಕಿನಲ್ಲಿ ಕುಕ್ಕೆ ಬೇಕು ಅನ್ನುತ್ತಿದ್ದಾಳೆ.

ಅಷ್ಟಕ್ಕೇ ನಿಲ್ಲಿಸಬಾರದೇ? ನನ್ನ ಕಡೆ ಕೈ ತೋರಿಸಿದಳು. ನನ್ನ ಅತ್ತೆ ಅಲ್ಲಿ ಕೂತಿದ್ದಾರೆ, ಅವರೂ ಸಹಿ ಹಾಕಿದವರೇ, ಅವರಿಗೆ ಒಂದು ಸೀರೆ ಕೊಟ್ಟರು, ಅವತ್ತಿನಿಂದ ಅವರು ತಮ್ಮ ಮನೆಗೇ ನೆಂಟರ ಹಾಗೆ ಬಂದು ಹೋಗುತ್ತಾರೆ ಎಂದಳು. ಸಭೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಸೆರಗು ಎಳೆದುಕೊಂಡೆ, ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಣ್ಣನ ಕೈ ಫೋನು ಹಿಡಿದಲ್ಲೇ ಮರಗಟ್ಟಿತ್ತು. ಕಾಲ್ ಕಟ್ ಮಾಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಫೋನಿನೊಳಗಿನ ಅಷ್ಟೂ ಮುಖಗಳು ಎಲ್ಲವನ್ನೂ ನೋಡುತ್ತಿದ್ದವು. ಸಭೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾವು ಕೂತೇ ಇದ್ದೆವು.

ನಿಜ ಹೇಳುತ್ತೇನೆ, ಅವತ್ತು ನನ್ನ ಸಿಟ್ಟೆಲ್ಲ ಹುಡುಗಿಯ ಮೇಲೆ. ನನ್ನ ಮಾನ ತೆಗೆಯಲು ನನ್ನನ್ನು ಮುಂದಿನ ಸಾಲಿಗೆ ಕರೆದಳಲ್ಲ! ಯಾರು ಕೇಳಿದ್ದರು ಇವಳ ಅನುಕಂಪ? ಮನೆಗೆ ಬಂದು ಯಜಮಾನರ ಮುಂದೆ ಎಗರಾಡಿದೆ. ಅವರು ಪೇಪರು ಮಡಚಿಟ್ಟು, ಅವಳು ಹೇಳಿದ್ರಲ್ಲಿ ಸುಳ್ಳು ಯಾವುದು ಎಂದು ಕೇಳಿದರು. ಅವರ ಜೊತೆಯೂ ಮಾತು ಬಿಟ್ಟೆ.

ಮಾರನೆಯ ದಿನ ಅಣ್ಣ ಅಂಗಡಿಗೆ ಬಂದ. ಅವನು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದೇ ಅಪರೂಪ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಮುಖ ಕಪ್ಪಿಟ್ಟಿತ್ತು. ಸ್ಟೂಲಿನ ಮೇಲೆ ಕೂತು, ಮಗಳು ಸಭೆಯಲ್ಲಿ ತನ್ನನ್ನು ಕಳ್ಳನ ಹಾಗೆ ನಿಲ್ಲಿಸಿದಳು ಎಂದ. ತನ್ನ ಮಗಳೇ ತನಗೆ ಎದುರಾಳಿ ಆದಮೇಲೆ ಅವಳನ್ನು ಓದಿಸಿ ಏನು ಉಪಯೋಗ, ಸೈನ್ ಹಾಕಿದರೆ ಕಾಲೇಜು, ಇಲ್ಲವಾದರೆ ಮನೆಯಲ್ಲಿರಲಿ, ಗಂಡು ನೋಡುತ್ತೇನೆ ಎಂದ. ಅವನು ಹೇಳಿದ್ದನ್ನು ಮಾಡುವವನೇ. ನಿನ್ನ ಮಾತು ಕೇಳುತ್ತಾಳೆ, ನೀನೇ ಬುದ್ಧಿ ಹೇಳು ಎಂದು ಎದ್ದು ಹೋದ. ನಾನು ಆಗಲಿ ಎಂದೆ. ಮನಸ್ಸಿಟ್ಟೇ ಅಂದೆ.

ಭಾನುವಾರ ಮಧ್ಯಾಹ್ನ ಅವಳು ಬಂದಳು. ನಾನು ಮಷಿನ್ನಿನಿಂದ ತಲೆ ಎತ್ತದೆಯೇ ಉಗಿದೆ. ಸಹಿ ಹಾಕು, ಓದು, ನಿನ್ನ ಕಾಲ ಮೇಲೆ ನಿಂತುಕೋ, ಆ ಮಣ್ಣಿನ ತುಂಡಿಗೋಸ್ಕರ ಬದುಕು ಹಾಳು ಮಾಡಿಕೊಳ್ಳಬೇಡ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ತುಂಡು ಬಟ್ಟೆಗಳನ್ನು ಮಡಚುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ನೀವ್ಯಾಕೆ ಹಾಕಿದ್ರಿ ಅತ್ತೆ?" ಎಂದಳು.

ಯಾರೂ ಇದನ್ನು ನನ್ನನ್ನು ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಹೆದರಿಕೆಯಿಂದ ಹಾಕಿದೆ ಎಂದೆ. ಹಾಕದಿದ್ದರೆ ಹಬ್ಬಕ್ಕೆ ಕರೆಯುವವರಿರುವುದಿಲ್ಲ, ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಿ ಅಳಲು ಒಂದು ಮನೆ ಇರುವುದಿಲ್ಲ. ಜಮೀನು ಹೋದರೆ ಹೋಗಲಿ, ಅಣ್ಣ ಉಳಿಯಲಿ ಎಂದುಕೊಂಡೆ. ಅವಳು ಮಡಚಿದ ಬಟ್ಟೆಗಳನ್ನು ಒಂದು ಕಡೆ ಎತ್ತಿಟ್ಟು, ಸರಿ ಅತ್ತೆ, ನಾಳೆ ಬರ್ತೀನಿ, ನೀವೂ ಬನ್ನಿ ಎಂದಳು. ಸಹಿ ಹಾಕುತ್ತಾಳೆ ಎಂದೇ ನಾನು ತಿಳಿದುಕೊಂಡೆ. ಅಣ್ಣನಿಗೆ ಫೋನು ಮಾಡಿ, ಒಪ್ಪಿದಳು ಎಂದೂ ಹೇಳಿಬಿಟ್ಟೆ.

ಸೋಮವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ಜಾತ್ರೆಯಷ್ಟು ಜನ. ಅಣ್ಣ, ಅತ್ತಿಗೆ, ಹುಡುಗಿ, ಸಾಕ್ಷಿ ಹಾಕಲು ನಾನು. ಬಿಲ್ಡರ್ ಕಡೆಯವನೊಬ್ಬ ಎಲ್ಲರಿಗೂ ಎಳನೀರು ಕೊಡಿಸಿದ. ಅತ್ತಿಗೆಯ ಬ್ಯಾಗಿನಲ್ಲಿ ಕಮರ್ಷಿಯಲ್ ಸ್ಟ್ರೀಟಿನಿಂದ ತಂದ ಹೊಸ ಬಳೆಯ ಪೆಟ್ಟಿಗೆ ಇತ್ತು. ನಮ್ಮ ಸರದಿ ಬಂದಾಗ ಹುಡುಗಿಯನ್ನು ಕ್ಯಾಮೆರಾದ ಮುಂದೆ ಕೂರಿಸಿದರು. ಅಧಿಕಾರಿ ತಲೆ ಎತ್ತದೆ, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು: "ಒಪ್ಪಿ ಹಾಕ್ತಿದ್ದೀಯೇನಮ್ಮಾ? ಯಾರದೂ ಬಲವಂತ ಇಲ್ಲ ತಾನೆ?"

"ಒಪ್ಪಿಲ್ಲ ಸಾರ್," ಎಂದಳು.

ಅವರು ಆಗ ತಲೆ ಎತ್ತಿದರು. ಇನ್ನೊಮ್ಮೆ ಕೇಳಿದರು. ಅವಳು ಅದೇ ಮಾತು ಹೇಳಿದಳು. ಒಪ್ಪದೆ ರಿಜಿಸ್ಟರ್ ಮಾಡೋಕಾಗಲ್ಲ, ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ ಎಂದು ಕಾಗದಗಳನ್ನು ಪಕ್ಕಕ್ಕೆ ಸರಿಸಿ ಮುಂದಿನವರನ್ನು ಕರೆದರು. ನಾನು ಅತ್ತಿಗೆಯ ಹಿಂದೆ ಸರಿದೆ. ಒಪ್ಪಿದಳು ಎಂದು ಅಣ್ಣನಿಗೆ ನಾನೇ ಹೇಳಿದ್ದೆನಲ್ಲ.

ಹೊರಗೆ ಬೈಕುಗಳ ಮಧ್ಯೆ ನಿಂತೆವು. ಅಣ್ಣ ಅವಳನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಹೆಂಡತಿಗೆ, ಇವಳ ಓದು ಇವತ್ತಿಗೆ ಮುಗೀತು, ಹೋದ ತಿಂಗಳು ಕೇಳಿದ್ದರಲ್ಲ, ಆ ಮನೆಯವರಿಗೆ ಬಂದು ಹುಡುಗಿ ನೋಡೋಕೆ ಹೇಳು ಎಂದ. ವೇದಿಕೆಯ ಮೇಲೆ ಅಷ್ಟು ನೆಟ್ಟಗೆ ನಿಂತಿದ್ದವಳು ಅಮ್ಮನ ಸೆರಗು ಹಿಡಿದುಕೊಂಡಳು. ಎಷ್ಟಾದರೂ ಮೊನ್ನೆ ಹದಿನೆಂಟು ತುಂಬಿದ ಮಗು.

ಆಮೇಲೆ ಅಣ್ಣ ನನ್ನ ಕಡೆ ತಿರುಗಿದ. "ನಿನ್ನೆ ನಿನ್ ಹತ್ರ ಕಳ್ಸಿದ್ನಲ್ಲ. ಏನು ಹೇಳ್ಕೊಟ್ಟೆ ಇವಳಿಗೆ?"

ಅವನ ಮುಖ ನೋಡಿದೆ. ಸಿಟ್ಟಿಗಿಂತ ಹೆಚ್ಚಾಗಿ ಅಲ್ಲೊಂದು ಆಸೆ ಕಂಡಿತು. ಇದು ಮಗಳ ಮಾತಲ್ಲ, ಯಾರೋ ತಲೆ ಕೆಡಿಸಿದ್ದಾರೆ ಎಂದು ಯಾರಾದರೂ ಹೇಳಲಿ ಎಂದು ಅವನು ಕಾಯುತ್ತಿದ್ದ. ಮಗಳ ಮೇಲೆ ಅವನಿಗೆ ಪ್ರಾಣ, ನನಗೆ ಗೊತ್ತಿಲ್ಲವೇ. ಅವನ ಸಿಟ್ಟು ನಿಲ್ಲಲು ಒಂದು ಜಾಗ ಬೇಕಿತ್ತು. ಆಚೆ ಈಚೆ ಯೋಚಿಸಲು ನನಗೆ ಪುರುಸೊತ್ತು ಸಿಗಲಿಲ್ಲ.

"ಬೇಡ ಅಂತ ಹೇಳ್ಕೊಟ್ಟೆ," ಎಂದೆ. "ಸ್ಕೂಲಲ್ಲಿ ಹೇಳಿದ್ದೂ ನಂದೇ ಮಾತು. ನಂಗೆ ಹೊಟ್ಟೆಯುರಿ ಇತ್ತು ಅಣ್ಣ, ಇವಳ ಬಾಯಲ್ಲಿ ಹೇಳಿಸ್ದೆ. ಮಗುಗೇನು ಗೊತ್ತು?"

ಹೇಳಿದವಳು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ. ಅಣ್ಣ ಒಂದು ಗಳಿಗೆ ನನ್ನನ್ನೇ ನೋಡಿದ. ಅವನ ಹೆಗಲು ಸಡಿಲವಾದದ್ದು ನನಗೆ ಕಾಣಿಸಿತು. ನೀನು ಹುಟ್ಟೇ ಇಲ್ಲ ಅಂದ್ಕೋತೀನಿ, ಇನ್ಮೇಲೆ ನಮ್ಮ ಹೊಸ್ತಿಲು ತುಳೀಬೇಡ ಎಂದ. ಕೂಗಲಿಲ್ಲ, ಮೆಲ್ಲಗೇ ಅಂದ. ಅತ್ತಿಗೆ ನೆಲ ನೋಡುತ್ತಾ ನಿಂತಿದ್ದಳು.

"ಅಪ್ಪಾ, ಅತ್ತೆ ಅಲ್ಲ..." ಎಂದು ಹುಡುಗಿ ಮುಂದೆ ಬಂದಳು.

"ದೊಡ್ಡೋರು ಮಾತಾಡ್ಬೇಕಾದ್ರೆ ಮಧ್ಯ ಬಾಯಿ ಹಾಕ್ಬೇಡ," ಎಂದು ಗದರಿದೆ. ಜೀವಮಾನದಲ್ಲಿ ಅವಳನ್ನು ಅಷ್ಟು ಜೋರಾಗಿ ಗದರಿದ್ದು ಅದೊಂದೇ ಸಲ. "ಹೋಗು, ಕಾರಲ್ಲಿ ಕೂತ್ಕೋ."

ಅಣ್ಣ ಅವಳ ಹೆಗಲ ಮೇಲೆ ಕೈ ಹಾಕಿ, ಕಾಯಿಲೆಯಿಂದ ಎದ್ದವಳನ್ನು ನಡೆಸುವ ಹಾಗೆ ಕಾರಿನವರೆಗೆ ನಡೆಸಿಕೊಂಡು ಹೋದ. ನಾನು ಆಟೋ ಹಿಡಿದು ಹಲಸೂರಿಗೆ ಬಂದು ಅಂಗಡಿ ತೆಗೆದೆ. ಆ ವಾರ ಅವಳ ಫೋನು ಬರುತ್ತಲೇ ಇತ್ತು. ನಾನು ಎತ್ತಲಿಲ್ಲ. ಎತ್ತಿದರೆ ಅಪ್ಪನಿಗೆ ನಿಜ ಹೇಳಿಬಿಡುತ್ತೇನೆ ಎಂದು ಹಟ ಹಿಡಿಯುತ್ತಾಳೆ, ನಾನು ಕರಗಿಬಿಡುತ್ತೇನೆ. ಆಮೇಲಾಮೇಲೆ ಫೋನು ಬರುವುದು ನಿಂತಿತು.

ಅವಳು ಕೃಷಿ ಓದಲು ಸೇರಿದ್ದಾಳೆ, ಅಪ್ಪನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಹಾಸ್ಟೆಲಿಗೆ ಬಿಟ್ಟು ಬಂದ ಎಂಬುದು ನನಗೆ ತಿಳಿದದ್ದು ಬ್ಲೌಸು ಹೊಲಿಸಲು ಬಂದ ಅವರ ಪಕ್ಕದ ಮನೆಯಾಕೆಯಿಂದ. ಜಮೀನಿನ ಸಹಿ ಏನಾಯಿತೆಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಮಗೆ ಗೊತ್ತೇ ಇರುತ್ತಲ್ಲ ಬಿಡಿ, ನಿಮ್ಮ ತವರಿನ ವಿಷಯ ಎಂದಳು ಆಕೆ. ಹೌದು, ಗೊತ್ತು ಎಂದು ಹೇಳಿ ಆಕೆಯ ತೋಳಿನ ಅಳತೆ ತೆಗೆದುಕೊಂಡೆ.