ಬುಕಿಂಗ್ ಬಾಯಾರ ರೆಕಾರ್ಡುಗಳು

ಅವರ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣದ್ದು. ವಾಡಿ ಸ್ಟೇಷನ್ನಿನ ಟಿಕೀಟು ಕಿಟಕಿಯಲ್ಲಿ ಕುಳಿತು ಠಸ್ಸೆ ಒತ್ತಿ ಒತ್ತಿ ಅಂಟಿದ ಮಸಿ ಅದು. ಕಂಪ್ಯೂಟರ್ ಟಿಕೀಟು ಬಂದು ಎಷ್ಟೋ ವರ್ಷವಾದ ಮೇಲೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಇತ್ತು. ರೆಕಾರ್ಡು ಮುಟ್ಟುವ ಮುಂಚೆ ಆ ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆಯುತ್ತಿದ್ದರು. ಒರೆಸುತ್ತಿರಲಿಲ್ಲ, ಗಾಳಿಗೆ ಹಿಡಿದು ಆರಿಸುತ್ತಿದ್ದರು. ಆಮೇಲೆ ಎರಡೂ ಅಂಗೈಗಳ ನಡುವೆ ಅಂಚನ್ನಷ್ಟೇ ಹಿಡಿದು, ಹೆಂಚಿನಿಂದ ಆಗತಾನೇ ಎತ್ತಿದ ರೊಟ್ಟಿಯ ಹಾಗೆ, ಆ ಕಪ್ಪು ತಟ್ಟೆಯನ್ನು ತಂದು ಯಂತ್ರದ ಮೇಲೆ ಕೂರಿಸುತ್ತಿದ್ದರು.

ರವಿವಾರ ಮಧ್ಯಾಹ್ನ ಆ ಕೋಣೆಯಲ್ಲಿ ಇರುತ್ತಿದ್ದವರು ನಾಲ್ಕೇ ಜನ. ಮಂಚದ ಮೇಲೆ ಬಾಯಾರು, ಹೊಸ್ತಿಲ ಹತ್ತಿರ ಮೊರ ಹಿಡಿದು ಜೋಳ ಹಸನು ಮಾಡುವ ನಮ್ಮವ್ವ, ಗೋಡೆಗೆ ಒರಗಿದ ರೈಲಿನ ಗಾರ್ಡ್ ಕಾಕಾ, ಕಿಟಕಿಯ ಕೆಳಗೆ ನಾನು. ಕೋಣೆ ನಮ್ಮ ಮನೆಯದೇ, ಹಿತ್ತಲ ಕಡೆಯದು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಬಾಯಾರು ಬಾಡಿಗೆಗೆ ಬಂದರು. ಒಬ್ಬರೇ ಬಂದರು, ಒಬ್ಬರೇ ಇದ್ದರು. ಊರಿಗೆಲ್ಲ ಅವರು ಬುಕಿಂಗ್ ಬಾಯಾರು. ನಮ್ಮ ಕಡೆ ನೌಕರಿ ಮಾಡುವ ಹೆಣ್ಣುಮಕ್ಕಳಿಗೆ ಬಾಯಾರು ಅನ್ನುವುದು ಮರ್ಯಾದೆ.

ಅವರ ತವರು ಚಿಂಚೋಳಿ ಕಡೆಯದು. ತಂದೆ ಗುಡಿಯ ಪೂಜೆಯವರು. ಸಿಕಂದರಾಬಾದಿನಲ್ಲಿ ನೌಕರಿಯ ಟ್ರೇನಿಂಗಿಗೆ ಇದ್ದಾಗ ಎದುರು ಮನೆಯ ಕಿಟಕಿಯಿಂದ ಗಿಟಾರು, ಡ್ರಮ್ಮು, ಒಬ್ಬನ ಕೂಗು ಕೇಳಿಸಿತಂತೆ. ಬಕೇಟು ಹಿಡಿದು ನೀರಿಗೆ ಹೊರಟವರು ಅಲ್ಲೇ ನಿಂತರು. ನಳ ನಿಂತೇ ಹೋಯಿತು, ಅವರು ನಿಂತೇ ಇದ್ದರು. ಮೊದಲ ಪಗಾರದಲ್ಲಿ ರೆಕಾರ್ಡು ಹಾಕುವ ಯಂತ್ರ ಬಂತು. ಅದನ್ನು ಊರಿಗೆ ಒಯ್ದು ತೋರಿಸಿದಾಗ ತಂದೆ, "ಇದು ಹಾಡಲ್ಲ, ಕಬ್ಬಿಣದ ಅಂಗಡಿ" ಅಂದರಂತೆ. ಬಾಯಾರು ಅದನ್ನು ಮತ್ತೆ ಊರಿಗೆ ಒಯ್ಯಲಿಲ್ಲ. ತಾವೂ ಹೆಚ್ಚು ಹೋಗಲಿಲ್ಲ.

ವಾಡಿಯಲ್ಲಿ ರಾಕ್ ಸಂಗೀತದ ರೆಕಾರ್ಡು ಎಲ್ಲಿಂದ ಬರಬೇಕು? ಗಾಡಿಯಲ್ಲಿ ಬರಬೇಕು. ಬಾಯಾರು ಚೀಟಿಯಲ್ಲಿ ಬರೆದು ಗಾರ್ಡ್ ಕಾಕಾನ ಕೈಗೆ ಕೊಡುತ್ತಿದ್ದರು. ಕಾಕಾ ಸೊಲ್ಲಾಪುರದಲ್ಲಿ ಇನ್ನೊಬ್ಬ ಗಾರ್ಡಿಗೆ, ಆತ ಮುಂಬೈಗೆ ಹೋಗುವವನಿಗೆ. ಅಲ್ಲಿನ ಹಳೇ ಸಾಮಾನಿನ ಬಜಾರಿನಲ್ಲಿ ಯಾರೋ ಹುಡುಕಿ, ಮತ್ತೆ ಗಾರ್ಡಿನ ಡಬ್ಬಿಯಿಂದ ಡಬ್ಬಿಗೆ ದಾಟಿ, ತಿಂಗಳೋ ಆರು ತಿಂಗಳೋ ಆದ ಮೇಲೆ ವಾಡಿಯಲ್ಲಿ ಇಳಿಯುತ್ತಿತ್ತು. ಕವರಿನ ಮೂಲೆಯಲ್ಲಿ ಬಾಯಾರು ನೇರಳೆ ಮಸಿಯಲ್ಲಿ ಯಾವ ಗಾಡಿಗೆ ಬಂತು, ಎಷ್ಟು ತಾಸು ಲೇಟಾಗಿ ಬಂತು ಎಂದು ಬರೆದಿಡುತ್ತಿದ್ದರು. ಹಾಡುವವರ ಹೆಸರು ನನಗೆ ಬಾಯಿಗೆ ಹತ್ತುತ್ತಿರಲಿಲ್ಲ. "ಮೇಲ್ ಗಾಡೀದು ಹಚ್ಚರಿ ಬಾಯಾರ" ಅನ್ನುತ್ತಿದ್ದೆ. ಅವರಿಗೆ ತಿಳಿಯುತ್ತಿತ್ತು.

ಕೋಣೆಯಲ್ಲಿ ನಿಯಮ ಒಂದೇ. "ಟಿಕೀಟು ತಗೊಂಡಾಂವ ಗಾಡಿ ಹತ್ತಬೇಕು, ಹಾಡು ಹಚ್ಚಿದಾಂವ ಕುಂದ್ರಬೇಕು. ನಡುವ ಇಳಿಯಂಗಿಲ್ಲ." ಒಂದು ಮಗ್ಗುಲು ಮುಗಿಯುವತನಕ ಯಾರೂ ಮಾತಾಡುವಂತಿಲ್ಲ. ಅವ್ವ ಮಾತ್ರ ಮಗ್ಗುಲು ಹೊರಳಿಸುವ ಹೊತ್ತಿಗಾಗಿ ಪ್ರಶ್ನೆ ಕೂಡಿಸಿಟ್ಟುಕೊಂಡಿರುತ್ತಿದ್ದಳು.

"ಬಾಯಾರ, ಈ ಮನಷ್ಯಾ ಯಾಕ ಇಷ್ಟ ಒದರಲಿಕತ್ತಾನ? ಯಾರರ ಹೊಡದಾರೇನು?"

"ಇಲ್ರಿ. ಹೆಂಡ್ತಿ ಬಿಟ್ಟು ಹೋಗ್ಯಾಳ."

"ಹಿಂಗ ಒದರಿದ್ರ ಹೋಗದೇ ಏನ್ ಮಾಡ್ತಾಳರಿ!"

ಗಾರ್ಡ್ ಕಾಕಾ ನಗುತ್ತಾ ಕೆಮ್ಮುತ್ತಿದ್ದ. ಬಾಯಾರು ನಗುತ್ತಿರಲಿಲ್ಲ, ಆದರೆ ಸೂಜಿ ಇಳಿಸುವ ಕೈ ಒಂದು ಗಳಿಗೆ ತಡೆಯುತ್ತಿತ್ತು, ಅಷ್ಟೇ.

ಬೇಸಿಗೆಯಲ್ಲಿ ಆ ಕೋಣೆಯ ಕಿಟಕಿಗೆ ಗೋಣಿತಟ್ಟು ಕಟ್ಟಿ ತಾಸಿಗೊಮ್ಮೆ ನೀರು ಹೊಡೆಯುವ ಕೆಲಸ ನನ್ನದು. ಅದು ಕೂತವರ ತಂಪಿಗೆ ಎಂದೇ ತಿಳಿದಿದ್ದೆ. ಬಾಯಾರು ಡ್ಯೂಟಿಗೆ ಹೋಗಿ ಕೋಣೆ ಖಾಲಿ ಇದ್ದಾಗಲೂ ಯಾಕೆ ಹೊಡೆಯಬೇಕು ಎಂದು ಕೇಳಲಿಲ್ಲ. ಈ ಒಂದು ಕೇಳದೇ ಬಿಟ್ಟದ್ದನ್ನು ಈಗ ದಿನಾ ಕೇಳಿಕೊಳ್ಳುತ್ತೇನೆ.

ನಾನು ಡಿಗ್ರಿಯಲ್ಲಿದ್ದಾಗ, ಅವರು ಮೊದಲಿನಿಂದ ಕೇಳುತ್ತಿದ್ದ ಒಂದು ಪರದೇಶದ ತಂಡ ಬೆಂಗಳೂರಿಗೆ ಬಂತು. ಬಾಯಾರು ರಜೆ ಹಾಕಿದರು, ಜೊತೆಗೆ ನನ್ನನ್ನು ಕರೆದುಕೊಂಡರು. ಇಳಕಲ್ ಸೀರೆ, ತುರುಬು, ಕೈಯಲ್ಲಿ ಬುತ್ತಿಯ ಚೀಲ. ಮೈದಾನದ ಗೇಟಿನಲ್ಲಿ ಕರಿ ಬನೀನಿನ ಹುಡುಗನೊಬ್ಬ ತಡೆದು, "ಅಮ್ಮಾ, ದೇವಸ್ಥಾನ ಆ ಕಡೆ" ಅಂದ. ಸುತ್ತಲಿನವರು ನಕ್ಕರು. ಬಾಯಾರು ಟಿಕೀಟು ತೆಗೆದು ಅವನ ಮುಂದೆ ಹಿಡಿದರು.

"ದೇವ್ರ ಗುಡ್ಯಾಗ ಟಿಕೀಟು ಕೇಳಂಗಿಲ್ಲಪಾ. ಇಲ್ಲಿ ಕೇಳ್ತೀರಿ ಅಂತ ತಗೊಂಡೀನಿ. ಹರದು ಕೊಡು. ಸೀದಾ ಹರಿ, ಸೊಟ್ಟ ಹರೀಬ್ಯಾಡ."

ಮೂರು ತಾಸು ನಿಂತರು. ಒಂದೊಂದು ಹಾಡೂ ಅವರಿಗೆ ಬರುತ್ತಿತ್ತು. ಹಾಡುವವನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತಾವೂ ತೆಗೆದುಕೊಳ್ಳುತ್ತಿದ್ದರು. ಮೊದಲು ನಕ್ಕ ಹುಡುಗರೇ ಆಮೇಲೆ ಅವರ ಸುತ್ತ ಕೈಕೈ ಹಿಡಿದು ನೂಕಾಟ ತಾಕದಂತೆ ನಿಂತರು. ವಾಪಸು ಗಾಡಿ ರಾಯಚೂರು ದಾಟಿದಾಗ ಬುತ್ತಿ ಬಿಚ್ಚಿದರು. ಆಮೇಲೆ ಒಂದೇ ಮಾತು: "ತಮ್ಮಾ, ಅಪ್ಪ ಬಂದಿದ್ರ ತಿಳೀತಿತ್ತು. ಇದೂ ಪೂಜಾನೇ ಅದ."

ಅವರಿಗೆ ಇದ್ದದ್ದು ಒಂದೇ ಆಸೆ. ಪಾಳಿಯ ನೌಕರಿಯಲ್ಲಿ ರವಿವಾರ ಬಿಟ್ಟರೆ ಕೂತು ಕೇಳುವುದಕ್ಕೆ ಪುರುಸೊತ್ತು ಸಿಗುತ್ತಿರಲಿಲ್ಲ. ನೂರಾ ನಲವತ್ತು ಚಿಲ್ಲರೆ ರೆಕಾರ್ಡಿನಲ್ಲಿ ಹನ್ನೊಂದನ್ನು ಪ್ಲಾಸ್ಟಿಕ್ ಹಾಳೆ ಸಹ ಬಿಚ್ಚದೆ ಬೇರೆ ಇಟ್ಟಿದ್ದರು. "ಡ್ಯೂಟಿ ಮುಗೀಲಿ ತಮ್ಮಾ. ರಿಟೈರಾದ ಮಾರನೇ ದಿನದಿಂದ ದಿನಕ್ಕೊಂದು. ಮೊದಲು ಇವು ಹನ್ನೊಂದು. ನೀನೂ ಬಾ." ಆ ಹನ್ನೊಂದರ ಮೇಲೆ ಕೈಯಾಡಿಸಿದ್ದು ನೋಡಿದ್ದೇನೆ, ಬಿಚ್ಚಿದ್ದು ನೋಡಲಿಲ್ಲ.

ರಿಟೈರಿಗೆ ಎರಡು ತಿಂಗಳಿದ್ದಾಗ ಮೊಣಕಾಲಿನ ಆಪರೇಶನ್ನಿಗೆ ಸೊಲ್ಲಾಪುರಕ್ಕೆ ಹೋದರು. ಕೋಣೆಯ ಕೀಲಿ ನನ್ನ ಕೈಗೆ ಬಂತು. ಆಗ ನಾನು ವಾಡಿಯ ಮನೆಯಿಂದಲೇ ಚಿತ್ತಾಪುರಕ್ಕೆ ಓಡಾಡುವ ಕಾರಕೂನ, ಗೃಹಸ್ಥ. ಏಪ್ರಿಲ್ಲಿನ ಒಂದು ರವಿವಾರ ಕೋಣೆ ಗುಡಿಸಲು ಹೋದೆ. ರೆಕಾರ್ಡು ಜೋಡಿಸಿಟ್ಟ ಕಟ್ಟಿಗೆಯ ಮಾಡದ ಹಲಗೆಗಳಿಗೆ ಗೆದ್ದಲು ಹತ್ತಿತ್ತು. ಮಣ್ಣಿನ ಗೆರೆ ಕೆಳಗಿನ ಸಾಲಿನ ಕವರಿನವರೆಗೆ ಬಂದಿತ್ತು. ಎಲ್ಲ ರೆಕಾರ್ಡು ಹೊರಗೆ ತೆಗೆದೆ.

ಅವ್ವ ನೋಡಿ ಅಂದಳು, "ಮಾಳಗಿ ಮ್ಯಾಲ ಬಿಸಲಿಗಿ ಹಾಕೋ. ಹುಳ ಸಾಯ್ತಾವ."

ಅವ್ವನನ್ನು ದೂರುವುದಿಲ್ಲ. ತೊಗರಿ, ಮೆಣಸಿನಕಾಯಿ, ಹಾಸಿಗೆ, ನಮ್ಮಪ್ಪನ ಪೋಥಿ ಪುಸ್ತಕಗಳು, ಎಲ್ಲಕ್ಕೂ ನಮ್ಮ ಮನೆಯಲ್ಲಿ ಒಂದೇ ಔಷಧ ಬಿಸಿಲು. ರೆಕಾರ್ಡುಗಳನ್ನು ಕವರಿನಿಂದ ತೆಗೆದು ಮಾಳಿಗೆಯ ಫರಸಿ ಕಲ್ಲಿನ ಮೇಲೆ ಸಾಲಾಗಿ ಹರಡಿದೆ. ಅಂಚು ಹಿಡಿದೇ ಹರಡಿದೆ. ಆ ಹನ್ನೊಂದನ್ನು ಮಾತ್ರ ಬಾಯಾರೇ ಬಿಚ್ಚಲಿ ಎಂದು ಹಾಳೆಯ ಸಮೇತ ಇಟ್ಟೆ. ಒಂದು ತಾಸು ಸಾಕು ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಶಾಣ್ಯಾತನ ಹೊಳೆಯಿತು: ಕಲ್ಲಿಗೆ ಗೆದ್ದಲು ಹತ್ತುವುದಿಲ್ಲವಲ್ಲ, ಬಾಯಾರಿಗೆ ಕಲ್ಲಿನ ಮಾಡವನ್ನೇ ಮಾಡಿಸೋಣ. ಬೈಕು ಹತ್ತಿ ಶಹಾಬಾದಿಗೆ ಹೋದೆ. ಕಲ್ಲು ಪಾಲಿಶ್ ಮಾಡುವ ಮಶೀನಿನವನ ಹತ್ತಿರ ಕೂತು ಅಳತೆ ಕೊಟ್ಟೆ, ಚಹಾ ಕುಡಿದೆ, ಅಂಚು ಎಷ್ಟು ನುಣುಪಿರಬೇಕು ಎಂದು ವಾದ ಮಾಡಿದೆ. ವಾಪಸು ಬಂದಾಗ ನಾಲ್ಕು ದಾಟಿತ್ತು.

ನೂರಾ ನಲವತ್ತು ಹಪ್ಪಳ ಮಾಳಿಗೆ ತುಂಬ ಬಿದ್ದಿದ್ದವು. ಕೆಲವು ಅಲೆಯ ಹಾಗೆ, ಕೆಲವು ದೊನ್ನೆಯ ಹಾಗೆ. ಆ ಹನ್ನೊಂದರ ಗತಿ ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಲಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಹಿಂಡಿ ಅವನ್ನು ಬೋಗುಣಿ ಮಾಡಿತ್ತು.

ಪಾಲಿಶ್ ಮಶೀನಿನವನೇ ಉಪಾಯ ಹೇಳಿದ. ಎರಡು ನುಣುಪು ಫರಸಿಯ ನಡುವೆ ಇಟ್ಟು ಮೇಲೆ ಭಾರ ಹೇರಿದೆ, ದಿನಾ ನಾಲ್ಕು ನಾಲ್ಕರಂತೆ. ಹನ್ನೊಂದು ಬಿಟ್ಟು ಉಳಿದವು ಕಣ್ಣಿಗೆ ಸಪಾಟಾದವು. ಒಂದನ್ನು ಹಚ್ಚಿ ನೋಡಿದೆ. ಹಾಡುವವನು ಕುಡಿದು ತೂರಾಡಿದ. ಆರಿಸಿಬಿಟ್ಟೆ. ಆದರೂ ಎಲ್ಲವನ್ನೂ ಕವರಿಗೆ ಹಾಕಿ ಹೊಸ ಕಲ್ಲಿನ ಮಾಡದಲ್ಲಿ ಜೋಡಿಸಿದೆ. ಫೋನಿನಲ್ಲಿ ಬಾಯಾರು ಕೇಳಿದಾಗಲೆಲ್ಲ "ಎಲ್ಲಾ ಛಲೋ ಅದರಿ" ಅಂದೆ. ಇದನ್ನೂ ಬರೆಯಬೇಕು. ಅವರಿಗೆ ಗೊತ್ತಾಗದೇ ಹೋಗಲಿ ಎಂದೇ ನಾನು ಬೇಡಿಕೊಂಡಿದ್ದೆ.

ಬಾಯಾರು ಕೋಲು ಊರುತ್ತಾ ಬಂದರು. ಮಾಡ ನೋಡಿ, "ಎಷ್ಟ್ ಚಂದ ಮಾಡಿಸೀಯೋ ತಮ್ಮಾ" ಅಂದರು. ಕೈ ತೊಳೆದರು, ಆರಿಸಿದರು. ಒಂದು ತೆಗೆದರು. ಅಂಚು ಅಂಗೈಗೆ ತಾಕಿದ ಕೂಡಲೇ ಅವರಿಗೆ ತಿಳಿಯಿತು. ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿದರು. ಎರಡನೆಯದು. ಮೂರನೆಯದು. ಆಮೇಲೆ ಆ ಹನ್ನೊಂದು.

"ಎಲ್ಲಿ ಇಟ್ಟಿದ್ದಿ?"

"ಮಾಳಗಿ ಮ್ಯಾಲರಿ."

"ಬಿಸಲಾಗ?"

"ಗೆದ್ಲ ಹತ್ತಿತ್ತರಿ ಬಾಯಾರ, ಅದಕ್ಕ..."

"ಗೆದ್ಲ ಕವರ್ ತಿಂತಿತ್ತು ತಮ್ಮಾ. ಹಾಡು ತಿಂತಿರಲಿಲ್ಲ."

ತೆಗೆದದ್ದನ್ನೆಲ್ಲ ತಿರುಗಿ ಕವರಿಗೆ ಹಾಕಿದರು. ಬೈದಿದ್ದರೆ ಬೈಗುಳದ ಮರೆಯಲ್ಲಾದರೂ ನಿಲ್ಲುತ್ತಿದ್ದೆ. ಓಣಿಯವರು ಬಂದರು. ಬಂದವರೆಲ್ಲ ಸಮಾಧಾನ ಹೇಳಿದ್ದು ನನಗೆ! "ಪಾಪ, ಛಲೋ ಮಾಡ್ಲಿಕ್ಕ ಹೋದ", "ಹಳೇ ಪ್ಲೇಟ್ ಅವ, ಬಂಗಾರಾ ಏನು?", "ಈಗ ಎಲ್ಲಾ ಮೊಬೈಲ್‌ದಾಗ ಸಿಗ್ತಾವ ಬಿಡು." ಬಾಯಾರು ಒಳಗೆ ಮಂಚದ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಎದುರು ಕೂತು ಒಂದು ಮಾತಾಡಿದವನು ಗಾರ್ಡ್ ಕಾಕಾ ಒಬ್ಬನೇ. "ಬಾಯಾರ, ಚೀಟಿ ಬರದು ಕೊಡ್ರಿ, ಮತ್ತ ತರಸ್ತೀನಿ" ಅಂದ. ಅವನೂ ರಿಟೈರಾಗಿದ್ದ, ಅವನ ಜೊತೆಗಾರ ಗಾರ್ಡುಗಳಲ್ಲೂ ಆಗ ನೌಕರಿಯಲ್ಲಿ ಯಾರೂ ಉಳಿದಿರಲಿಲ್ಲ. ಬಾಯಾರು ಅವನಿಗೆ ಚಹಾ ಕೊಟ್ಟು ಕಳಿಸಿದರು.

ರಿಟೈರಾದ ಮಾರನೇ ದಿನ, ಹಾಡು ಶುರುವಾಗಬೇಕಿದ್ದ ದಿನ, ಬಾಯಾರು ಚಿಂಚೋಳಿಯ ಮಗ್ಗುಲಿನ ಚಂದಾಪುರಕ್ಕೆ, ಅಣ್ಣನ ಮಗಳ ಮನೆಗೆ ಹೊರಟರು. ರೆಕಾರ್ಡುಗಳನ್ನು ಒಯ್ದರು. ಯಂತ್ರವನ್ನು ಬಿಟ್ಟು ಹೋದರು. ಕಲ್ಲಿನ ಮಾಡವನ್ನೂ.

ಒಮ್ಮೆ ನೋಡಲು ಹೋಗಿದ್ದೆ. ಓಣಿಯವರ ಬುದ್ಧಿಯೇ ನನಗೂ ಬಂದಿತ್ತು ಕಾಣುತ್ತದೆ, ಆ ಹನ್ನೊಂದರ ಹಾಡುಗಳನ್ನೆಲ್ಲ ಹುಡುಕಿ ಮೊಬೈಲಿಗೆ ಹಾಕಿಕೊಂಡು ಹೋಗಿದ್ದೆ. ಒಂದು ಹಚ್ಚಿ ಅವರ ಮುಂದೆ ಇಟ್ಟೆ. ಅರ್ಧ ನಿಮಿಷ ಕೇಳಿ ನೇರಳೆ ಹೆಬ್ಬೆರಳಿನಿಂದ ತಾವೇ ನಿಲ್ಲಿಸಿದರು.

"ಇದು ಯಾವ ಗಾಡಿಗಿ ಬಂತು?" ಅಂದರು.

ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. ಆ ಮನೆಯಲ್ಲಿ ಅವರು ಮಧ್ಯಾಹ್ನದ ಹೊತ್ತು ಕವರುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಅವುಗಳ ಹಿಂಬದಿಗೆ ಅಚ್ಚಾದ ಹಾಡಿನ ಸಾಲುಗಳನ್ನು ಓದುತ್ತಿದ್ದರೆಂದು ಅಣ್ಣನ ಮಗಳು ಹೇಳಿದಳು. ಬಾಯಿ ಬಿಟ್ಟು ಅಲ್ಲ, ಮನಸ್ಸಿನಲ್ಲೇ.

ಇಂಗ್ಲಿಷಿನ ನಾಲ್ಕು ಅಕ್ಷರ, ಹಾಡು ಮುಗಿಯುವತನಕ ಕೂಡುವ ತಾಳ್ಮೆ, ದೊಡ್ಡ ಊರಿನ ಗೇಟಿನಲ್ಲಿ ಅಂಜದೆ ನಿಲ್ಲುವ ಧೈರ್ಯ, ನನಗೆ ಇವೆಲ್ಲ ಆ ಹಿತ್ತಲ ಕೋಣೆಯಿಂದ ಬಂದವು. ಅದಕ್ಕೆ ಬದಲಾಗಿ ನಾನು ಕೊಟ್ಟದ್ದೇನು ಎಂದು ಮೇಲೆ ಬರೆದಿದ್ದೇನೆ.

ಹೋದ ಬೇಸಿಗೆಯಲ್ಲಿ ಬಾಯಾರು ತೀರಿಕೊಂಡರೆಂದು ಫೋನು ಬಂತು. ಸೇಡಂ ದಾಟಿ ಚಂದಾಪುರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣನ ಮಗಳು, "ಬಿಸಲಾಗ ಬಂದೀರಿ ಅಣ್ಣಾ, ನೀರ ಕುಡೀರಿ, ಕೊಡದಾಗ ತಂಪ ಅವ" ಅಂದಳು. ಮೂಲೆಯಲ್ಲಿ ಮಣ್ಣಿನ ಕೊಡವಿತ್ತು. ಅದರ ಬಾಯಿಗೆ ಒಂದು ಕಪ್ಪು ತಟ್ಟೆ ಮುಚ್ಚಿತ್ತು, ನಡುವಿನ ತೂತಿಗೆ ಅರಿವೆಯ ಗಂಟು. ಸೂಜಿ ಒಮ್ಮೆಯೂ ತಾಕದ ತಟ್ಟೆ, ಆ ಹನ್ನೊಂದರಲ್ಲಿ ಒಂದು. ಬೋಗುಣಿಯ ಹಾಗೆ ಬಾಗಿದ್ದರಿಂದ ಕೊಡಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು.

"ಅತ್ತೀನೇ ಮುಚ್ಚಿದ್ರು" ಅಂದಳು.

ಬಚ್ಚಲಿಗೆ ಹೋಗಿ ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ. ಗಾಳಿಗೆ ಹಿಡಿದು ಆರಿಸಿದೆ. ಎರಡೂ ಅಂಗೈಯಲ್ಲಿ ಅಂಚು ಹಿಡಿದು ಅದನ್ನು ಎತ್ತಿದೆ. ಒಂದು ಚರಿಗೆ ನೀರು ಕುಡಿದು, ಕೊಡ ಮುಚ್ಚಿದೆ.