ಲೋಕಿಕೆರೆ ಕಾರಿಗೆ ನಾಲ್ಕು ಸಿಲಿಂಡರ್

ಅಪ್ಪಾಜಿ ತಮ್ಮ ಹಳೇ ಕಾರನ್ನು ನನ್ನ ತಂಗಿಯ ಗಂಡನಿಗೆ ಕೊಟ್ಟುಬಿಟ್ಟರು ಎಂದು ಗೊತ್ತಾದಾಗ ನಾನು ಅದೇ ತಂಗಿಯ ಗಂಡನ ತಟ್ಟೆಯಲ್ಲಿದ್ದ ಹೋಳಿಗೆ ಮೇಲೆ ತುಪ್ಪ ಹಾಕುತ್ತಿದ್ದೆ. ಯುಗಾದಿಗೆ ನಾವು ಹರಿಹರದಿಂದ ದಾವಣಗೆರೆಗೆ, ಎಸ್.ಎಸ್. ಬಡಾವಣೆಯ ತವರುಮನೆಗೆ ಬಂದಿದ್ದೆವು. ಊಟದ ನಡುವೆ ಅಪ್ಪಾಜಿ, ಉಪ್ಪಿನಕಾಯಿ ಕೇಳಿದಷ್ಟು ಸಲೀಸಾಗಿ ಹೇಳಿದರು:

"ಅಳಿಯಂದ್ರೇ, ಲೋಕಿಕೆರೆ ಹೊಲದ ಶೆಡ್ಡಿನಾಗೆ ನಮ್ಮ ಹಳೇ ಕಾರು ಸುಮ್ನೆ ಬಿದ್ದೈತೆ. ನೀವೇ ತಗಂಡು ಏನರ ಮಾಡ್ರಿ."

"ಸಾಕ್ರಿ ಅಕ್ಕಾರೆ, ಸಾಕು ಸಾಕು," ಎಂದು ಅವನು ಕೈ ಅಡ್ಡ ಹಿಡಿದ ಮೇಲೇ ತುಪ್ಪ ತಟ್ಟೆಯ ಅಂಚು ದಾಟಿದ್ದು ನನಗೆ ಕಂಡಿದ್ದು.

ಆ ಕಾರು ನಮ್ಮ ಅಜ್ಜ ಹತ್ತಿ ವ್ಯಾಪಾರದ ಕಾಲದಲ್ಲಿ ಯಾರಿಂದಲೋ ಕೊಂಡ ವಿಲಾಯಿತಿ ಕಾರು. ಎರಡೇ ಬಾಗಿಲು, ಉದ್ದ ಮೂತಿ, ಗುಂಡನೆಯ ಬೆನ್ನು. ಯಾವುದೋ ಬೇಸಿಗೆಯಲ್ಲಿ ಅದರ ಎಂಜಿನ್ ಬಿಚ್ಚಿ ಬಾವಿಯ ಪಂಪಿಗೆ ಕೂಡಿಸಿದರಂತೆ. ಎಂಜಿನ್ ಅಲ್ಲೇ ಸವೆದು ಗುಜರಿಗೆ ಹೋಯಿತು. ಕಾರು ಶೆಡ್ಡಿನಲ್ಲಿ ಉಳಿಯಿತು. ನಾನು ಚಿಕ್ಕವಳಿದ್ದಾಗ ರಜೆ ಬಂದರೆ ಅದರ ಸ್ಟೇರಿಂಗ್ ಹಿಂದೆಯೇ ನನ್ನ ವಾಸ. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿರುತ್ತಿತ್ತು. ಅಪ್ಪಾಜಿ ನನಗೆ ಪಾನಾ ಹಿಡಿಯುವುದನ್ನು, ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು ಕಾಯುವುದನ್ನು ಕಲಿಸಿದ್ದು ಆ ಕಾರಿನ ಕೆಳಗೆ ಮಲಗಿಸಿಕೊಂಡೇ. ಗಂಡುಮಕ್ಕಳಿಲ್ಲದ ಮನೆ ನಮ್ಮದು. ನಾನು ಮೆಕ್ಯಾನಿಕಲ್ ಓದಿದೆ. ಮದುವೆಯಾಗಿ ಹರಿಹರಕ್ಕೆ ಹೋದ ಮೇಲೆ ಬ್ಯಾಂಕ್ ನೌಕರಿಯ ನನ್ನ ಗಂಡನನ್ನು ಒಪ್ಪಿಸಿ ಲೇತ್ ಮಷಿನ್ ಹಾಕಿಕೊಂಡೆ. ಈಗ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ನನ್ನದು.

ತಂಗಿಯ ಗಂಡನಿಗೆ ಮಂಡಿಪೇಟೆಯಲ್ಲಿ ಸಗಟು ಬಟ್ಟೆ ಅಂಗಡಿ. ಒಳ್ಳೆಯವನು. ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಕಾರಿನ ವಿಡಿಯೋ ನೋಡೀ ನೋಡೀ ಅವನಿಗೆ ಹಾಟ್ ರಾಡ್ ಹುಚ್ಚು ಹಿಡಿದಿತ್ತು. ಓಬೀರಾಯನ ಕಾಲದ ಕಾರಿನ ಮಡ್‌ಗಾರ್ಡ್ ಕಿತ್ತು, ಮೈ ತಗ್ಗಿಸಿ, ಹಿಂದಕ್ಕೆ ಅಗಲದ ಗಾಲಿ ಹಾಕಿ, ಬಾನೆಟ್ಟಿನೊಳಗೆ ಜೋರಾದ ಎಂಜಿನ್ ಕೂಡಿಸುವುದಕ್ಕೆ ಹಾಗೆನ್ನುತ್ತಾರೆ. ಅಪ್ಪಾಜಿಗೂ ಅವನು ಆ ವಿಡಿಯೋಗಳನ್ನೆಲ್ಲ ತೋರಿಸಿದ್ದ. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗುವ ದಾರಿಯಲ್ಲಿ ಮಾವನ ಮನೆಗೆ ಬಂದು, ಇಬ್ಬರೂ ಜಗಲಿಯಲ್ಲಿ ತಲೆಗೆ ತಲೆ ಕೊಟ್ಟು ಕೂರುತ್ತಿದ್ದರಂತೆ. ಅಮ್ಮ ಫೋನಿನಲ್ಲಿ ಇದನ್ನು ಖುಷಿಯಿಂದ ಹೇಳಿದಾಗ, ಕುಕ್ಕರ್ ಕೂಗ್ತಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟಿದ್ದೆ. ಹರಿಹರ ಎಷ್ಟು ದೂರ? ಬಸ್ ಹತ್ತಿ ಸೀಟು ಸಿಗುವಷ್ಟರಲ್ಲಿ ಬಂದುಬಿಡುತ್ತದೆ. ಆದರೂ ನನ್ನ ವರ್ಕ್‌ಶಾಪಿನ ಜಗಲಿಗೆ ಅಪ್ಪಾಜಿ ಹಾಗೆ ಬಂದು ಕೂತವರಲ್ಲ.

ಒಂದು ಭಾನುವಾರ ಅಪ್ಪಾಜಿಯದೇ ಫೋನ್ ಬಂತು.

"ಅವ್ವ, ಲೋಕಿಕೆರೆಗೆ ಬಾರವ್ವ. ಇಲ್ಲೊಂದು ಪಂಚಾಯ್ತಿ ಬಿದ್ದೈತೆ."

ಹೋದೆ. ಕಾರನ್ನು ಶೆಡ್ಡಿನಿಂದ ಬಿಸಿಲಿಗೆ ಎಳೆದಿದ್ದರು. ಹಿಂದಿನ ಸೀಟು ಆಗಲೇ ಕಿತ್ತಾಗಿತ್ತು. ಅಷ್ಟೂ ವರ್ಷ ನನ್ನದೆಂದುಕೊಂಡಿದ್ದ ಸ್ಟೇರಿಂಗಿಗೆ ಅವನು ತನ್ನ ಟವೆಲ್ ಒಣಹಾಕಿದ್ದ.

"ಹುಬ್ಬಳ್ಳಿ ಕಡೆ ಗುಜರಿಯಾಗೆ ಆರು ಸಿಲಿಂಡರಿನ ಎಂಜಿನ್ ಐತೆ ಅಕ್ಕಾರೆ," ಎಂದ ಅವನು. "ಇದಕ್ಕೆ ಅದೇ ಸರಿ ಅಂತ ನನ್ ಲೆಕ್ಕ. ಮಾವಾರು ನಿಮ್ಮನ್ನೊಂದು ಮಾತು ಕೇಳಾನ ಅಂದ್ರು."

ಒಂದು ಮಾತು. ನಾನು ಬ್ಯಾಗಿನಿಂದ ಟೇಪ್ ತೆಗೆದು ಬಾನೆಟ್ಟಿನ ಒಳಗೆ ಬಗ್ಗಿದೆ. ಅಳೆಯುವ ಮೊದಲೇ ನನ್ನ ಬಾಯಲ್ಲಿ ನಾಲ್ಕು ಸಿಲಿಂಡರ್ ಎಂಬುದು ಸಿದ್ಧವಾಗಿತ್ತು. ಅವನು ನಾಲ್ಕು ಎಂದಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಆದರೆ ಟೇಪೂ ನನ್ನ ಕಡೆಗೇ ಇತ್ತು.

"ಆರು ಸಿಲಿಂಡರ್ ಉದ್ದ ಆಗ್ತೈತ್ರಿ. ಕಾಲಿಡೋ ಜಾಗದ ತಗಡು ಕೊಯ್ಯಬೇಕು. ತೂಕ ಎಲ್ಲಾ ಮುಂದಕ್ಕೆ ಬಿದ್ದು, ಈ ಹಳೇ ಸ್ಪ್ರಿಂಗ್ ಪಟ್ಟಿ ಕುಸೀತಾವೆ. ಬ್ರೇಕೂ ತಡಿಯಂಗಿಲ್ಲ. ಮೇ ತಿಂಗಳಾಗೆ ಸಿಗ್ನಲಿನಾಗೆ ನಿಂತ್ರೆ ರೇಡಿಯೇಟರ್ ನೀರು ಕುದೀತೈತೆ. ನಾಲ್ಕು ಸಿಲಿಂಡರಿಂದು ಹಾಕ್ರಿ. ಹಗುರ, ಸಾಮಾನು ಎಲ್ಲಾ ಕಡೆ ಸಿಗ್ತೈತೆ."

"ಹಾಟ್ ರಾಡ್ ಅಂದ್ಮೇಲೆ ಸದ್ದು ಬೇಕಲ್ರಿ ಅಕ್ಕಾರೆ? ನಾಲ್ಕು ಹಾಕಿದ್ರೆ ಆಟೋ ಹೋದಂಗೆ ಕೇಳ್ತೈತೆ. ಇಷ್ಟು ದೊಡ್ಡ ಮೂತಿ ಇಟ್ಕಂಡು ಒಳಗೆ ಅಷ್ಟು ಸಣ್ಣದಾ? ನೋಡಿದೋರು ನಗ್ತಾರೆ."

"ಸದ್ದು ಕೇಳಾಕೆ ಮಾಡ್ತೀರೋ, ಓಡ್ಸಾಕೆ ಮಾಡ್ತೀರೋ?"

ನನ್ನ ದನಿ ಎತ್ತರವಾಗಿತ್ತು. ಅಪ್ಪಾಜಿ ನನ್ನನ್ನು ನೋಡಿದರು, ಅವನನ್ನು ನೋಡಿದರು. "ಕಾರು ಅವರ್ದು. ಅಳಿಯಂದ್ರು ಹೆಂಗಂತಾರೋ ಹಂಗೆ," ಎಂದು ಎದ್ದು ಎಳನೀರು ತರಿಸಲು ಹೋದರು.

ಆ ಎಳನೀರನ್ನು ನಾನು ಕುಡಿಯಲಿಲ್ಲ. ನೆಗಡಿ ಎಂದೆ.

ಕೆಲವು ದಿನಗಳ ನಂತರ ಅಮ್ಮ ಫೋನ್ ಮಾಡಿದಳು. ಅಳಿಯಂದ್ರು ನಾಲ್ಕು ಸಿಲಿಂಡರೇ ಹಾಕಲು ತೀರ್ಮಾನಿಸಿದ್ದಾರಂತೆ. ಅಪಘಾತದಲ್ಲಿ ಹಿಂಭಾಗ ನಜ್ಜುಗುಜ್ಜಾದ ಯಾವುದೋ ಕಾರಿನ ಎಂಜಿನ್ ಸಿಕ್ಕಿದೆಯಂತೆ. ನನ್ನ ಎದೆ ಉಬ್ಬಿತು. ಆಗ ಅಪ್ಪಾಜಿ ಅಮ್ಮನ ಕೈಯಿಂದ ಫೋನ್ ಇಸಿದುಕೊಂಡರು.

"ನೋಡವ್ವ, ಅಳಿಯಂದ್ರು ಎಷ್ಟು ವಿಚಾರ ಮಾಡ್ಯಾರೆ! ತೂಕ, ಬ್ರೇಕು, ಬಿಸಿ ಎಲ್ಲಾ ಲೆಕ್ಕ ಹಾಕಿ ನಾಲ್ಕೇ ಸಾಕು ಅಂದ್ರು. ಬೇರೆ ಹುಡುಗ್ರಾಗಿದ್ರೆ ಶೋಕಿಗೆ ಬಿದ್ದು ಆರು ಹಾಕ್ತಿದ್ರು."

ನಾನು "ಹೌದು" ಎಂದೆ. ಆ ಸಂಜೆ ಲೇತಿನ ಮುಂದೆ ನಿಂತಾಗ ಗಂಡ ಬಂದು, "ಯಾಕ, ಮುಖ ಹಿಂಗೈತೆ?" ಎಂದ. ನಾನು ಗೆದ್ದೆ ಎಂದೆ. ಗೆದ್ದವರ ಮುಖ ಹೀಗಿರುವುದಿಲ್ಲ ಎಂದು ಅವನು ಹೇಳಲಿಲ್ಲ, ಚಹಾ ತಂದುಕೊಟ್ಟ.

ಎಂಜಿನ್ ಒಂದು ಕಾರಿನದು, ಗೇರ್‌ಬಾಕ್ಸ್ ಹಳೇ ಜೀಪಿನದು. ಎರಡನ್ನೂ ಕೂಡಿಸಲು ನಡುವೆ ದಪ್ಪನೆಯ ಒಂದು ಪ್ಲೇಟ್ ಬೇಕು. ಅದರ ತೂತುಗಳು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಅದನ್ನು ಮಾಡಿಕೊಡಲು ನನ್ನನ್ನೇ ಕೇಳಿದರು. ಮಾಡಿಕೊಟ್ಟೆ. ಅಷ್ಟು ಹೊಟ್ಟೆ ಉರಿಸಿಕೊಂಡು ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಬೇರೆ ಯಾವಾಗಲೂ ಮಾಡಿಲ್ಲ. ಒಯ್ಯಲು ಬಂದ ತಂಗಿಯ ಗಂಡ ಪ್ಲೇಟನ್ನು ರೇಷ್ಮೆ ಸೀರೆಯ ಸೆರಗಿನಂತೆ ಬೆರಳಿನಿಂದ ಸವರಿ, "ಏನ್ ಕೆಲ್ಸ ಅಕ್ಕಾರೆ!" ಎಂದ. ಮನಸಾರೆ ಹೇಳಿದ. ಅವನು ಮನಸಾರೆ ಹೇಳಿದ್ದೂ ನನಗೆ ಚುಚ್ಚಿತು.

ಆಮೇಲೆ ಒಮ್ಮೆ ಲೋಕಿಕೆರೆಗೆ ಹೋದಾಗ ಕಂಡದ್ದಿದು: ಅವನು ಕಾರಿನ ಕೆಳಗೆ ಮಲಗಿದ್ದ. ಅಪ್ಪಾಜಿ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಗ್ಗಿ, ಟಾರ್ಚ್ ಹಿಡಿದಿದ್ದರು. ಮಂಡಿನೋವು ಎಂದು ನಮ್ಮ ಹರಿಹರದ ಮನೆಯ ಮೆಟ್ಟಿಲು ಹತ್ತದವರು. "ಎಣ್ಣೆ ಬಿಡ್ರಿ, ಕಾಯ್ರಿ, ಅವಸರ ಬ್ಯಾಡ," ಎನ್ನುತ್ತಿದ್ದರು. ಆ ಮಾತು ನನ್ನದು. ನನಗೆ ಹೇಳಿಕೊಟ್ಟದ್ದು. ನಾನು ಗೇಟಿನಿಂದಲೇ ಹಿಂದಿರುಗಿ, ಹೊಲದ ಬದುವಿನ ಮೇಲೆ ಒಂದಿಷ್ಟು ದೂರ ನಡೆದು, ಮುಖ ಸರಿಮಾಡಿಕೊಂಡು ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರು ಸಿದ್ಧವಾಯಿತು. ಆರ್‌ಟಿಓ ಕಚೇರಿಗೆ ಅಲೆದು ಎಂಜಿನ್ ಬದಲಿಸಿದ್ದಕ್ಕೆ ಒಪ್ಪಿಗೆ ಪಡೆಯುವ ಕೆಲಸವನ್ನೂ ಅವನು ಬೇಸರವಿಲ್ಲದೆ ಮಾಡಿದ್ದ. ಕಡುಗೆಂಪು ಬಣ್ಣ, ಮಡ್‌ಗಾರ್ಡ್ ಇಲ್ಲದ ಗಾಲಿಗಳು, ತಗ್ಗಿದ ಮೈ. ಸೈಲೆನ್ಸರನ್ನು ಏನೋ ಮಾಡಿಸಿ ನಾಲ್ಕೇ ಸಿಲಿಂಡರಿನಿಂದ ಗುಟುರು ಹಾಕುವ ದನಿ ತೆಗೆದಿದ್ದ. ಆಟೋ ಸದ್ದು ಇರಲಿಲ್ಲ. ನನ್ನ ವಾದವನ್ನು ತನ್ನದು ಮಾಡಿಕೊಂಡು, ಅದನ್ನು ನನಗಿಂತ ಚೆಂದ ಮಾಡಿ ತೋರಿಸಿದ್ದ.

ಮೊದಲ ಸವಾರಿ ಹರಿಹರದ ಹೊಳೆಯವರೆಗೆ. ಕಾರಿನಲ್ಲಿ ಇಬ್ಬರಿಗೇ ಜಾಗ. ಅವನು ಓಡಿಸಿದ, ಪಕ್ಕದಲ್ಲಿ ಅಪ್ಪಾಜಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮದುಮಗನಂತೆ ಕೂತರು. ನಾನೂ ತಂಗಿಯೂ ನನ್ನ ಕಾರಿನಲ್ಲಿ ಹಿಂದೆ ಹೊರಟೆವು. ದಾರಿಯುದ್ದಕ್ಕೂ ಬೈಕಿನವರು ನಿಧಾನ ಮಾಡಿ ಫೋಟೋ ತೆಗೆಯುತ್ತಿದ್ದರು. ಅಪ್ಪಾಜಿ ಎಲ್ಲರಿಗೂ ಕೈ ಬೀಸುತ್ತಿದ್ದರು.

"ನೋಡು, ಹೆಂಗೆ ಕೂತಾರೆ," ಎಂದೆ. ದನಿಯಲ್ಲಿದ್ದ ಹುಳಿ ಮರೆಯಾಗಲಿಲ್ಲವೇನೋ. ತಂಗಿ ನನ್ನ ಕಡೆ ತಿರುಗಿದಳು.

"ಅಕ್ಕ, ನಿಂಗೆ ನಮ್ಮನೆಯವ್ರ ಮ್ಯಾಲೆ ಹೊಟ್ಟೆಕಿಚ್ಚು ಐತೆ."

ನಾನು ಗೇರ್ ಬದಲಿಸಿದೆ.

"ಇರ್ಲಿ ಬಿಡು. ನಂಗೆ ನಿನ್ ಮ್ಯಾಲೆ ಐತೆ."

"ನನ್ ಮ್ಯಾಲಾ? ಯಾಕ?"

"ಮನ್ಯಾಗೆ ಊಟಕ್ಕೆ ಕೂತ್ರೆ ಅವ್ರ ಬಾಯಾಗೆ ಅಕ್ಕಾರು ಹಿಂಗಂದ್ರು, ಅಕ್ಕಾರನ್ನ ಕೇಳ್ಬೇಕು, ಅಕ್ಕಾರು ಮಾಡಿದ ಪ್ಲೇಟು. ತವರಿಗೆ ಬಂದ್ರೆ ಅಪ್ಪಾಜಿ, ಅವ್ರು, ನೀನು ಮೂರೂ ಜನ ಒಂದೇ ಭಾಷೆ. ನಾನು ಚಹಾ ತರಾಕೆ ಒಳಗೆ ಹೋಗ್ಬೇಕು. ಚಿಕ್ಕೋಳಿದ್ದಾಗಿಂದ್ಲೂ ಅಷ್ಟೇ. ನೀನು ಕಾರಿನ ಕೆಳಗೆ, ನಾನು ಟವೆಲ್ ಹಿಡ್ಕಂಡು ಹೊರಗೆ. ಒಂದ್ಸಲನಾದ್ರೂ ಬಾ ಅಂದಿಯೇನು?"

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಗಾಜಿನಾಚೆ ನೋಡುತ್ತ ಹೇಳಿದಳು. ಅವಳು ಟವೆಲ್ ಹಿಡಿದು ನಿಂತಿದ್ದದ್ದು ನನಗೆ ನೆನಪೇ ಇರಲಿಲ್ಲ. ಅಷ್ಟರಲ್ಲಿ ಹರಿಹರದ ಸೇತುವೆ ಕಂಡಿತು.

ಹೊಳೆ ದಂಡೆಯಲ್ಲಿ ಇಳಿದಾಗ ಅವನು ಕೀಲಿಕೈಯನ್ನು ನನ್ನ ಮುಂದೆ ಚಾಚಿದ. "ಅಕ್ಕಾರೆ, ಓಡಿಸ್ರಿ. ನೀವು ಹೇಳ್ದಂಗೇ ಮಾಡೀನಿ. ಮಾವಾರಿಗೂ ಎಷ್ಟೋ ಸಲ ಹೇಳೀನಿ, ಐಡಿಯಾ ಅಕ್ಕಾರದ್ದು ಅಂತ. ಅವ್ರು ಕೇಳಿಸ್ಕಳಂಗಿಲ್ಲ."

ಅಪ್ಪಾಜಿ ಪಕ್ಕದ ಸೀಟಿನಿಂದ ಇಳಿಯುವ ಯೋಚನೆಯಲ್ಲೇ ಇರಲಿಲ್ಲ. ಅವರನ್ನು ಕೂರಿಸಿಕೊಂಡು ಓಡಿಸಬೇಕು ಎಂಬ ಆಸೆ ಯುಗಾದಿಯಿಂದ ನನಗಿತ್ತು. ಆದರೂ ಹೇಳಿದೆ:

"ಅಪ್ಪಾಜಿ, ಇಳೀರಿ. ಇವಳು ಕೂಡ್ತಾಳೆ."

ತಂಗಿ ಬೇಡ ಬೇಡ ಎನ್ನುತ್ತಲೇ ಹತ್ತಿದಳು. ಕಾರು ಹಗುರಾಗಿ ಹೊರಟಿತು, ಸ್ಟೇರಿಂಗ್ ಕೈಗೆ ಭಾರವಾಗಲಿಲ್ಲ, ಬ್ರೇಕ್ ಒತ್ತಿದಲ್ಲಿ ನಿಂತಿತು. ನಾಲ್ಕು ಸಿಲಿಂಡರೇ ಸರಿ. ಅದನ್ನು ಈಗ ನನ್ನ ಕಾಲೇ ಹೇಳುತ್ತಿತ್ತು. ತಂಗಿ ಕ್ಲಚ್ ಎಂದರೇನು, ಅದನ್ನು ಯಾಕೆ ನಿಧಾನ ಬಿಡಬೇಕು ಎಂದೆಲ್ಲ ಕೇಳಿದಳು. ನಾನು ಹೇಳುತ್ತ ಹೋದೆ. ನನ್ನ ಮನಸ್ಸಿಗೆ ಬಹಳ ದಿನಗಳ ಮೇಲೆ ತಂಪಾಗಿತ್ತು.

ಅದು ಹಾಗೇ ಉಳಿಯಿತು ಎಂದರೆ ಸುಳ್ಳಾಗುತ್ತದೆ. ತಂಗಿ ಗಂಡನಿಂದ ಡ್ರೈವಿಂಗ್ ಕಲಿತಳು. ನನ್ನನ್ನು ಕೇಳಲಿಲ್ಲ. ಹೋದ ಭಾನುವಾರ ನಮ್ಮ ಮನೆ ಮುಂದೆ ಗುಟುರು ಕೇಳಿ ಹೊರಗೆ ಬಂದರೆ, ಕೆಂಪು ಕಾರು ನಿಂತಿತ್ತು. ಸ್ಟೇರಿಂಗ್ ಹಿಂದೆ ಅವಳು, ಪಕ್ಕದಲ್ಲಿ ಬಿಳಿ ಅಂಗಿಯ ಅಪ್ಪಾಜಿ. ಇಬ್ಬರೂ ಏನಕ್ಕೋ ನಗುತ್ತಿದ್ದರು. ಅವಳ ಮುಖ ನೋಡಿ ಸಂತೋಷವಾಯಿತು, ನಿಜ. ಅದರ ಹಿಂದೆಯೇ ಹೊಟ್ಟೆಯಲ್ಲಿ ಆ ಹಳೇ ಕೆಂಡವೂ ಮತ್ತೆ ಹೊಗೆಯಾಡಿತು.

ಅವಳು ನೀರು ಕುಡಿಯಲು ಒಳಗೆ ಹೋದಾಗ ನಾನು ಅಪ್ಪಾಜಿಯ ಬಾಗಿಲ ಹತ್ತಿರ ಬಗ್ಗಿ ಮೆತ್ತಗೆ ಹೇಳಿದೆ, "ಕ್ಲಚ್ ಮ್ಯಾಲೆ ಕಾಲಿಟ್ಕಂಡೇ ಓಡಿಸ್ತಾಳೆ ಅಪ್ಪಾಜಿ. ಕ್ಲಚ್ ಪ್ಲೇಟ್ ಸುಟ್ಟು ಹೋಗ್ತೈತೆ."

"ಕಲೀತಾಳೆ ಬಿಡವ್ವ," ಎಂದರು ಅಪ್ಪಾಜಿ. "ನಿಂಗೂ ಮೊದ್ಲು ಬರ್ತಿರಲಿಲ್ಲ."