ಬಾಣಂತಿ ಕೋಣೆಗೆ ಬಂದ ಕೆಂಪು ನೀರು

ಹೊಳೆಮ್ಮನ ಬಾಯಿಗೆ ಹೆದರದ ಬಾಣಂತಿ ಗಾದಿಗನೂರಿನಲ್ಲಿ ಇರಲಿಲ್ಲ. ನಾನೂ ಎರಡು ಹೆರಿಗೆಗೆ ಅವಳ ಕೈಯಲ್ಲೇ ನೀರು ಹಾಕಿಸಿಕೊಂಡವಳು, ಹಾಗಾಗಿ ಇದು ಬೆನ್ನು ಕೆಂಪಾದ ಅನುಭವದ ಮಾತು. ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಸಿ, ಹೊಗೆಯಾಡುವ ನೀರನ್ನು ಚೊಂಬಿನಿಂದ ರಪರಪ ಬೀಸುತ್ತಿದ್ದಳು. ಸುಡುತ್ತದೆ ಎಂದರೆ, ‘ಸುಡ್ಲಿ, ಏನಾತು ಈಗ?’ ಎನ್ನುತ್ತಿದ್ದಳು. ಆಮೇಲೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೂಗು ತೀಡಿ, ಲೋಬಾನದ ಹೊಗೆ ಹಿಡಿಯುವಾಗ ಅದೇ ಬಾಯಿಂದ ಎಂಥ ಮುದ್ದು ಮಾತು ಬರುತ್ತಿತ್ತೆಂದರೆ ನಮಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವಳದು ಒಂದೇ ಕಟ್ಟಳೆ. ಬಾಣಂತಿಗೆ ತಣ್ಣೀರು, ತಣ್ಣನೆ ಗಾಳಿ ಸೋಕಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡದ ಕುಂಪಟಿ, ಕಿಟಕಿಗೆ ಗೋಣಿಚೀಲ. ‘ಹಡದ ಮೈ ಹಸಿ ಮಡಿಕಿ ಇದ್ದಂಗ, ನೀರು ತಾಕಿದ್ರ ಕರಗತೈತಿ’ ಎಂದು ದಿನಕ್ಕೆ ನಾಲ್ಕು ಸಲ ಹೇಳುವಳು. ನರ್ಸಮ್ಮ ಬಂದು, ಕಿಟಕಿ ತೆಗೀರಿ, ಗಾಳಿ ಆಡಲಿ ಎಂದು ಹೇಳಿ ಹೋದರೆ, ಆಕೆ ಓಣಿ ದಾಟುವ ಮೊದಲೇ ಹೊಳೆಮ್ಮ ಕಿಟಕಿ ಮುಚ್ಚಿರುತ್ತಿದ್ದಳು. ನಾವೂ ನರ್ಸಮ್ಮನನ್ನು ಬಿಟ್ಟು ಹೊಳೆಮ್ಮನನ್ನೇ ನಂಬಿದ್ದೆವು.

ನಮ್ಮ ಸುತ್ತಿನ ಗುಡ್ಡಗಳೆಲ್ಲ ಲಾರಿ ಹತ್ತಿ ಹೋಗುತ್ತಿದ್ದ ಕಾಲ ಅದು. ಊರ ಹಳ್ಳದ ದಂಡೆಗೆ ಯಾರೋ ಅದಿರು ಸುರಿಯುವ ಪ್ಲಾಟು ಮಾಡಿದ್ದರು. ರಾಶಿ ಬೆಳೆಯುತ್ತ ಬೆಳೆಯುತ್ತ ಹಳ್ಳದೊಳಕ್ಕೇ ಕಾಲು ಚಾಚಿತು. ಅರ್ಧ ಊರು ಅಲ್ಲೇ ಕೂಲಿಗೆ ಹೋಗುತ್ತಿದ್ದರಿಂದ ಯಾರೂ ಬಾಯಿ ಬಿಡಲಿಲ್ಲ. ಎರಡು ಸಾವಿರದ ಎಂಟರಲ್ಲಿ, ಯುಗಾದಿಗೂ ಮೊದಲೇ, ಬೇಸಿಗೆಯ ಬಾಯಲ್ಲಿ ಮಳೆ ಹಿಡಿಯಿತು. ಯಾವ ನಕ್ಷತ್ರದ ಮಳೆಯೆಂದು ಹಿರಿಯರಿಗೂ ಹೇಳಲಾಗಲಿಲ್ಲ. ಎರಡು ದಿನ ಬಿಡದೆ ಸುರಿದು, ಮರುದಿನ ಮಧ್ಯಾಹ್ನ ಅದಿರಿನ ರಾಶಿ ಕುಸಿದು ಹಳ್ಳ ಕಟ್ಟಿಕೊಂಡಿತು. ನೀರು ನಮ್ಮ ಕೆಳಗಿನ ಓಣಿಗೆ ನುಗ್ಗಿತು. ಗಂಜಿಯಷ್ಟು ಮಂದವಾದ ಕೆಂಪು ನೀರು. ಜನ ಜೋಳದ ಚೀಲ, ಟಿವಿ, ಮೇಕೆ, ಕೈಗೆ ಸಿಕ್ಕಿದ್ದನ್ನು ಹೊತ್ತು ದಿಬ್ಬದ ಮೇಲಿನ ಶಾಲೆಗೆ ಓಡಿದರು.

ನನ್ನ ಪಕ್ಕದ ಮನೆ ಸುವರ್ಣಮ್ಮನದು. ಅವಳ ಮಗಳು ಭುವನೇಶ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಹೊಸಪೇಟೆಯಲ್ಲಿ ಹೆತ್ತು ಇನ್ನೂ ವಾರವಾಗಿರಲಿಲ್ಲ. ನಾನು ಹೋಗಿ ನೋಡಿದರೆ ಬಾಣಂತಿ ಕೋಣೆಯಲ್ಲಿ ಮೊಣಕಾಲುದ್ದ ನೀರು. ಕುಂಪಟಿ ಆರಿ ಇದ್ದಿಲು ಕೋಣೆ ತುಂಬ ತೇಲುತ್ತಿತ್ತು. ಹುಡುಗಿ ಕೂಸನ್ನು ಎದೆಗವಚಿಕೊಂಡು ಹೊರಸಿನ ಮೇಲೆ ಕುಳಿತಿದ್ದಳು. ಹಿಂದಿನ ಮಣ್ಣಿನ ಗೋಡೆ ನೀರು ಕುಡಿದು ಒಳಕ್ಕೆ ಉಬ್ಬಿತ್ತು. ಸುವರ್ಣಮ್ಮನ ತಮ್ಮ ಜಡೆಪ್ಪ ಬಾಗಿಲಲ್ಲಿ ನಿಂತು ಕೂಗಿಕೊಳ್ಳುತ್ತಿದ್ದ.

‘ಅಕ್ಕಾ, ಗ್ವಾಡಿ ಬೀಳತೈತಿ! ಆಕಿನ್ನ ಜಲ್ದಿ ಇಳಸು!’

‘ಹಸಿ ಮೈಯಾಕಿನ್ನ ನೀರಾಗ ಇಳಸಂತಿಯಾ? ನಿನಗೇನು ಗೊತ್ತಲೇ ಗಂಡಸಿಗೆ!’ ಸುವರ್ಣಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

ಹೊತ್ತು ಒಯ್ಯುವ ಹಾಗೂ ಇರಲಿಲ್ಲ. ಮನೆಗಿಂತ ತಗ್ಗಿನ ಓಣಿಯಲ್ಲಿ ನೀರು ಎದೆಮಟ್ಟ ಬಂದಿತ್ತು, ಸೆಳೆತಕ್ಕೆ ಹೊತ್ತವನ ಕಾಲೇ ನಿಲ್ಲುತ್ತಿರಲಿಲ್ಲ. ಕೈ ಕೈ ಹಿಡಿದು ನಡೆದೇ ದಾಟಬೇಕು. ಅದನ್ನು ಹೇಳಿದರೆ ಭುವನೇಶ್ವರಿ ಅಳುತ್ತ, ‘ಹೊಳೆಮ್ಮ ಬಂದು ಹೇಳಿದ್ರ ಇಳೀತೀನಿ, ಇಲ್ಲಂದ್ರ ಇಲ್ಲ’ ಎಂದಳು. ಜಡೆಪ್ಪ ಬೈಯುತ್ತಲೇ ಹೋಗಿ ಹೊಳೆಮ್ಮನನ್ನು ಕೈಹಿಡಿದು ಕರೆತಂದ.

ಹೊಳೆಮ್ಮ ಗೋಡೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ‘ಇಳಿ’ ಎಂದಳು.

‘ನೀನಾ ಹಿಂಗ ಅಂತೀಯಾ?’ ಸುವರ್ಣಮ್ಮ ಕಿರುಚಿದಳು. ‘ನಿನ್ನ ಜಂಬಕ್ಕ ಹೆಂಗ ಸತ್ಲು, ಮರ್ತಿಯೇನು?’

ಜಂಬಕ್ಕ ಹೊಳೆಮ್ಮನ ಒಬ್ಬಳೇ ಮಗಳು. ಬಹಳ ವರ್ಷದ ಹಿಂದೆ, ಹೆತ್ತ ವಾರದಲ್ಲೇ, ಒಣಹಾಕಿದ ಕೂಸಿನ ಬಟ್ಟೆ ತೋಯುತ್ತವೆಂದು ತುಂತುರು ಮಳೆಯಲ್ಲಿ ಹಿತ್ತಲಿಗೆ ಓಡಿದ್ದಳಂತೆ. ರಾತ್ರಿಗೆ ಮೈ ಕಾದು ನಡುಕ ಬಂತು, ಬಾಣಂತಿ ಸನ್ನಿ ಏರಿತು, ಮೂರು ದಿನಕ್ಕೆ ಹೋದಳು. ಕೂಸು ಅಪ್ಪನ ಮನೆಯಲ್ಲಿ ಬೆಳೆಯಿತು. ಊರಿನಲ್ಲಿ ಹೆತ್ತವರೆಲ್ಲ ಈ ಕಥೆಯನ್ನು ಹೊಳೆಮ್ಮನ ಬಾಯಿಂದಲೇ, ಬಿಸಿನೀರಿನ ಜೊತೆ ಕೇಳಿದವರು. ‘ಮಾತು ಕೇಳ್ಲಿಲ್ಲ, ತನ್ನ ಕೈಲೆ ತಾನಾ ಸತ್ಲು’ ಎಂದೇ ಮುಗಿಸುತ್ತಿದ್ದಳು.

ಹೊಳೆಮ್ಮನ ಮುಖ ಬಿಳಿಚಿತು. ಆದರೂ ದನಿ ತಗ್ಗಲಿಲ್ಲ. ‘ಮರ್ತಿಲ್ಲ. ಸನ್ನಿ ಬಂದ್ರ ಆ ಪಾಪ ನನಗಿರ್ಲಿ. ಗ್ವಾಡಿ ಬಿದ್ರ ಯಾರಿಗೆ? ಇಳಿಯೇ ಅಂದ್ನೆಲ್ಲ!’ ಎಂದವಳೇ ಭುವನೇಶ್ವರಿಯ ರಟ್ಟೆ ಹಿಡಿದು ನೀರಿಗೆ ಎಳೆದಳು.

ಕೂಸನ್ನು ಬೋಗುಣಿಯಲ್ಲಿಟ್ಟು ಜಡೆಪ್ಪ ತಲೆಯ ಮೇಲೆ ಹೊತ್ತ. ಹಿಂದೆ ಭುವನೇಶ್ವರಿ, ಅವಳನ್ನು ಅಪ್ಪಿಕೊಂಡು ಹೊಳೆಮ್ಮ, ಕೊನೆಗೆ ಸುವರ್ಣಮ್ಮ ಮತ್ತು ನಾನು. ಎಂಥ ತಣ್ಣನೆಯ ನೀರು! ಹುಡುಗಿಯ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ದಿಬ್ಬ ಹತ್ತುವಷ್ಟರಲ್ಲಿ ಹಿಂದೆ ದೊಪ್ಪನೆ ಸದ್ದಾಯಿತು. ಸುವರ್ಣಮ್ಮ ತಿರುಗಿ ನೋಡಿದಳು, ಕೋಣೆ ಇದ್ದ ಕಡೆ ಗೋಡೆ ಇರಲಿಲ್ಲ.

ಆಮೇಲೆ ಶಾಲೆಯೇ ನಮ್ಮ ಮನೆಯಾಯಿತು. ಗಂಡಸರು ಹಗಲೆಲ್ಲ ಮನೆಗಳಿಂದ ಕೆಂಪು ಕೆಸರು ಎತ್ತಿ ಹಾಕಿದರು, ಹೆಂಗಸರು ಒಂದೇ ಒಲೆಯಲ್ಲಿ ಎಲ್ಲರಿಗೂ ರೊಟ್ಟಿ ಬಡಿದೆವು. ಬಾವಿಯೂ ಕೆಂಪಾಗಿತ್ತು. ರಸ್ತೆಯ ಧೂಳಿಗೆ ನೀರು ಚಿಮುಕಿಸುತ್ತಿದ್ದ ಪ್ಲಾಟಿನ ಟ್ಯಾಂಕರೇ ಈಗ ನಮಗೆ ನೀರು ತಂದಿತು, ಅದೂ ದೊಡ್ಡ ಉಪಕಾರ ಮಾಡಿದವರ ಹಾಗೆ ಹಾರನ್ ಬಾರಿಸುತ್ತ. ನನಗಂತೂ ಕಲ್ಲು ಬೀಸುವಷ್ಟು ಸಿಟ್ಟು ಬಂದಿತ್ತು. ಕೊಡ ಹಿಡಿದು ಸಾಲಿನಲ್ಲಿ ನಿಂತೆ.

ಹೊಳೆಮ್ಮ ಬೆಳಿಗ್ಗೆ ಸಂಜೆ ಬಂದು ಭುವನೇಶ್ವರಿಯ ಹಣೆ ಮುಟ್ಟಿ ನೋಡುತ್ತಿದ್ದಳು. ‘ಚಳಿ ಬಂತೇನು? ನಡುಕ?’ ಇಲ್ಲ ಎನ್ನುವಳು ಹುಡುಗಿ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಎಷ್ಟು ಕಕ್ಕುಲಾತಿ ನೋಡು ಎಂದು ನಾವೆಲ್ಲ ಮಾತಾಡಿಕೊಂಡೆವು.

ಕೂಸಿನ ಹೆಸರಿಡುವುದೂ ಶಾಲೆಯಲ್ಲೇ ಆಯಿತು. ಹೊಳೆಮ್ಮ ಇಲ್ಲದಿದ್ದರೆ ಎರಡು ಜೀವ ಹೋಗುತ್ತಿತ್ತು ಎಂದು ಸುವರ್ಣಮ್ಮ ಎಲ್ಲರ ಮುಂದೆ ಕಣ್ಣೀರು ಹಾಕಿ, ಖಣ ಕೊಟ್ಟು ಕಾಲಿಗೆ ಬಿದ್ದಳು. ಹೊಳೆಮ್ಮ ಖಣ ಇಸಿದುಕೊಂಡು, ತೊಟ್ಟಿಲ ಹಾಡಿಗೂ ನಿಲ್ಲದೆ ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕುಳಿತಿದ್ದಳು.

‘ಆಕಿಗೆ ಏನೂ ಆಗ್ಲಿಲ್ಲ ನೋಡವ್ವ’ ಎಂದಳು.

‘ಚಲೋನಾ ಆತಲ್ಲ?’

‘ಚಲೋ ಆತು. ಎದಿಮಟ ನೀರಾಗ ನಡದಾಕಿಗೆ ಒಂದು ಸೀನು ಬರ್ಲಿಲ್ಲ. ನನ್ನ ಜಂಬಕ್ಕ ತುಂತುರು ಮಳ್ಯಾಗ ಹಿತ್ತಲಮಟ ಹೋಗಿದ್ಲು, ಅಷ್ಟಾ. ಅಷ್ಟಕ್ಕಾ ಸಾಯ್ತಾರೇನು?’

ನಾನು ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತೆ.

‘ಈಕಿ ಹಡದಿದ್ದು ದವಾಖಾನ್ಯಾಗ. ಕೈಗೆ ಗ್ಲೌಸು, ಇಂಜೆಕ್ಷನ್ನು, ಎಲ್ಲಾ. ಜಂಬಕ್ಕನ ಹೆರಿಗಿ ಮಾಡಿಸಿದಾಕಿ ನಾನು. ಅವತ್ತು ಸಗಣಿ ಬಳೀತಿದ್ದೆ. ಬ್ಯಾನಿ ಬಂತು ಅಂತ ಕರದ್ಲು. ಕೈ ನೀರಾಗ ಅದ್ದಿ ಹಂಗಾ ಒಳಗ ಹ್ವಾದೆ, ಅದಾ ಕೈಲೆ ಕೂಸು ಹಿಡದೆ.’

ಆ ಕಾಲದಲ್ಲಿ ಯಾರಿಗೆ ಏನು ಗೊತ್ತಿತ್ತು ಎನ್ನಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

‘ಸಾಯಾಗನೂ ಬೈದೆನವ್ವ ಆಕಿನ್ನ. ಮಾತು ಕೇಳ್ಲಿಲ್ಲ, ಈಗ ಅನುಭೋಗ್ಸು ಅಂದೆ. ಆಕಿ ನನ್ನ ಕೈ ಹಿಡಕಂಡು ಏನಂದ್ಲು ಗೊತ್ತೇನು? ತಪ್ಪಾತು ಯವ್ವಾ, ಇನ್ನೊಮ್ಮಿ ಹೊರಗ ಹೋಗಂಗಿಲ್ಲ ಅಂದ್ಲು.’